ಅಜ್ಜನ ಎರಡನೇ ಶಿಫ್ಟ್

ನನ್ನ ಗಂಡನ ಅಜ್ಜ, ಅಂದರೆ ನಮ್ಮ ಅತ್ತೆಯ ಅಪ್ಪ, ಹೋದ ವರ್ಷ ತೀರಿಕೊಂಡರು. ಎಂಬತ್ತೆಂಟು ವರ್ಷ ಆಗಿತ್ತು. ಗ್ರೀಸಿನವರು. ದಕ್ಷಿಣದ ಪೆಲೊಪೊನೀಸ್‌ನಲ್ಲಿ ಕಲಮಾಟಾ ಅಂತ ಒಂದು ಪಟ್ಟಣ ಇದೆ, ಅಂಗಡಿಯಲ್ಲಿ ಬಾಟಲಿಗೆ ತುಂಬಿ ಮಾರುವ ಕಪ್ಪು ಆಲಿವ್‌ಗೆ ಅದೇ ಊರಿನ ಹೆಸರು. ಅಲ್ಲಿಂದ ಬೆಟ್ಟದ ಕಡೆ ಹೋದರೆ ಇವರ ಹಳ್ಳಿ. 1961ರಲ್ಲಿ ಹಡಗು ಹತ್ತಿ ಮೆಲ್ಬರ್ನ್‌ಗೆ ಬಂದವರು ಇಲ್ಲೇ ಮನೆ ಮಾಡಿದರು, ಇಲ್ಲೇ ಮಣ್ಣಾದರು.

ಮಣ್ಣು ಮಾಡಿ ಬಂದ ಮೇಲೆ ಎಲ್ಲರಿಗೂ ಕಾಫಿ, ಬ್ರಾಂಡಿ ಕೊಡುತ್ತಾರೆ. (ಸಾವಿನ ದಿನ ಬ್ರಾಂಡಿಯಾ ಅಂತ ಕುಂದಾಪುರದಲ್ಲಿ ಕೂತ ನಮ್ಮಮ್ಮ ಫೋನಿನಲ್ಲೇ ಗಾಬರಿಯಾದರು.) ಅಲ್ಲಿ ಬಂದವರೆಲ್ಲ ಹೇಳಿದ್ದು ಒಂದೇ ಮಾತು. ಮನೆಯವರಿಗೋಸ್ಕರ ಬದುಕಿದ ಮನುಷ್ಯ, ತನಗೆ ಅಂತ ಏನೂ ಇಟ್ಟುಕೊಳ್ಳಲಿಲ್ಲ, ಎಲ್ಲಾ ಮಕ್ಕಳಿಗೆ. ನನ್ನ ಗಂಡ ಎದ್ದು ನಿಂತು ಮಾತಾಡಲು ಹೋಗಿ ಅರ್ಧಕ್ಕೇ ಅತ್ತುಬಿಟ್ಟ. ಅತ್ತೆ ಮಾತ್ರ ತುಟಿ ಬಿಚ್ಚಲಿಲ್ಲ. ಆವತ್ತು ರಾತ್ರಿ ಕಾಫಿ ಲೋಟ ತೊಳೆಯುತ್ತಾ ನನಗೊಬ್ಬಳಿಗೇ ಕೇಳುವ ಹಾಗೆ, "ನಿನ್ನ ಗಂಡನಿಗೆ ಸಿಕ್ಕ ಅಪ್ಪ ನನಗೆ ಸಿಗಲಿಲ್ಲ ಕಣೇ" ಅಂದರು.

ಆ ಮಾತು ತಲೆಯಿಂದ ಹೋಗಲೇ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಅಜ್ಜ ಹುಟ್ಟಿದ್ದು 1936ರಲ್ಲಿ. ಐದು ವರ್ಷದ ಹುಡುಗ ಆಗಿದ್ದಾಗ ಜರ್ಮನ್ನರು, ಇಟಲಿಯವರು ಗ್ರೀಸಿಗೆ ನುಗ್ಗಿದರು. 1944ರಲ್ಲಿ ಅವರು ಹೋದರು ಅನ್ನುವಷ್ಟರಲ್ಲಿ ದೇಶದವರೇ ಎರಡು ಬಣವಾಗಿ ಹೊಡೆದಾಡಿಕೊಂಡರು. ಆ ಅಂತರ್ಯುದ್ಧ ಮುಗಿದಿದ್ದು 1949ರಲ್ಲಿ. ಆ ಗಲಾಟೆಯಲ್ಲೇ ಅಜ್ಜನ ಅಪ್ಪ ಸತ್ತರು. ಯಾರು ಕೊಂದರು, ಇವರು ಯಾವ ಕಡೆಯವರು, ಆ ಮನೆಯಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಮದುವೆಯಾದ ಹೊಸದರಲ್ಲಿ ನಾನೊಂದು ಸಲ ಸುಮ್ನೆ ಕೇಳಿದ್ದೆ. ಅಜ್ಜಿ ಎದ್ದು ಒಳಗೆ ಹೋದರು, ಅಜ್ಜ ಟಿವಿ ಸೌಂಡ್ ಜಾಸ್ತಿ ಮಾಡಿದರು. ಅಷ್ಟು ಸಾಕಾಯಿತು ನನಗೆ.

ಅಂದರೆ ಹದಿಮೂರು ವರ್ಷಕ್ಕೆ ಆ ಹುಡುಗನೇ ಮನೆಗೆ ಯಜಮಾನ. ಕೆಳಗೆ ಮೂವರು ತಂಗಿಯರು. ಗ್ರೀಸಿನಲ್ಲಿ ಆಗ ವರದಕ್ಷಿಣೆ ಬರೀ ಪದ್ಧತಿ ಅಲ್ಲ, ಕಾನೂನಿನ ಪುಸ್ತಕದಲ್ಲೇ ಇತ್ತು. ಹೊಲ, ಮನೆ, ದುಡ್ಡು, ಏನಾದರೂ ಕೊಡದೆ ಹುಡುಗಿ ಮದುವೆ ಆಗುತ್ತಿರಲಿಲ್ಲ. ಅಣ್ಣಂದಿರು ಪರದೇಶಕ್ಕೆ ಹೋಗಿ ದುಡಿದು ತಂಗಿಯರ ಮದುವೆ ಮಾಡುವುದು, ತಂಗಿಯರದ್ದೆಲ್ಲ ಮುಗಿದ ಮೇಲೆ ತಾವು ಆಗುವುದು. ನಮಗೆ ಇದನ್ನು ಬಿಡಿಸಿ ಹೇಳುವ ಅಗತ್ಯವೇ ಇಲ್ಲ, ಅಲ್ವಾ? 1983ರಲ್ಲಿ ಗ್ರೀಸ್ ಕಾನೂನಿನಿಂದ ವರದಕ್ಷಿಣೆಯನ್ನು ತೆಗೆದುಹಾಕಿತು. "ಆಗ ನನಗೆ ದುಡ್ಡು ವಾಪಸ್ ಕೊಡಬೇಕಿತ್ತು" ಅಂತ ಅಜ್ಜ ಪ್ರತಿ ಸಲ ನಗಾಡುತ್ತಿದ್ದರು. ಮೂವರದ್ದೂ ಕೊಟ್ಟು ಮುಗಿಸಿ ಎಷ್ಟೋ ವರ್ಷ ಆಗಿತ್ತು.

ಆಸ್ಟ್ರೇಲಿಯಾಗೆ ಆಗ ಕೈಕಾಲು ಗಟ್ಟಿ ಇರುವ ಗಂಡಸರು ಬೇಕಿತ್ತು. 1952ರಲ್ಲಿ ಎರಡೂ ಸರ್ಕಾರಗಳು ಒಪ್ಪಂದ ಮಾಡಿಕೊಂಡಿದ್ದವು. ಟಿಕೆಟ್ಟಿನ ದುಡ್ಡಿಗೆ ಸಹಾಯ ಮಾಡುತ್ತಾರೆ, ಎರಡು ವರ್ಷ ಅವರು ಹೇಳಿದ ಕಡೆ ಕೆಲಸ ಮಾಡಬೇಕು. ಪಿರೇಯಸ್ ಬಂದರಿನಿಂದ 'ಪಾತ್ರಿಸ್' ಅನ್ನುವ ಹಡಗು. ಸೂಯೆಜ್ ದಾಟಿ, ಏಡನ್ ದಾಟಿ, ನಮ್ಮ ಅರಬ್ಬಿ ಸಮುದ್ರದ ಕೆಳಗಿನಿಂದ ಹಾದು ಫ್ರೀಮ್ಯಾಂಟಲ್, ಅಲ್ಲಿಂದ ಮೆಲ್ಬರ್ನ್. ಮೂರು ನಾಲ್ಕು ವಾರದ ದಾರಿ. ಅಜ್ಜ ಅದಕ್ಕೆ ಮುಂಚೆ ಸಮುದ್ರ ನೋಡಿದ್ದರು, ಹಡಗು ಹತ್ತಿರಲಿಲ್ಲ. ಏಡನ್‌ನಲ್ಲಿ ಇಳಿದಾಗ ಬಿಸಿಲಿಗೆ ಚಪ್ಪಲಿ ಅಂಗಾಲಿಗೆ ಅಂಟಿಕೊಂಡಿದ್ದು ಬಿಟ್ಟರೆ ಪ್ರಯಾಣದ ಬಗ್ಗೆ ಅವರ ಬಾಯಲ್ಲಿ ಬೇರೆ ಕಥೆಯೇ ಇರಲಿಲ್ಲ.

ಇಲ್ಲಿ ಒಂದು ಮಾತು ಸೇರಿಸಬೇಕು. ಅಜ್ಜ ಬಂದ ಕಾಲದಲ್ಲಿ ನನ್ನಂಥವಳು ಈ ದೇಶಕ್ಕೆ ಬಂದು ನೆಲೆಸುವ ಮಾತೇ ಇರಲಿಲ್ಲ. ಬಿಳಿಯರಿಗೆ ಮಾತ್ರ ಅನ್ನುವ ನೀತಿ ಪೂರ್ತಿ ಹೋಗಿದ್ದು 1973ರಲ್ಲಿ. ಗ್ರೀಕರು ಆ ಲೆಕ್ಕದಲ್ಲಿ ಹೇಗೋ ಒಳಗೆ ಬಂದರು. ಆದರೂ ಬಸ್ಸಿನಲ್ಲಿ ಗ್ರೀಕ್ ಮಾತಾಡಿದರೆ ಜನ ತಿರುಗಿ ನೋಡಿ ಬೈಯುತ್ತಿದ್ದರು. ಅಜ್ಜ ನನ್ನ ಕೈ ಪಕ್ಕ ತಮ್ಮ ಕೈ ಇಟ್ಟು, ಬಿಸಿಲಿಗೆ ಕಂದಿದ ಚರ್ಮ ತೋರಿಸಿ, "ನೋಡು, ನಾನೂ ಅಷ್ಟೇನೂ ಬಿಳಿ ಅಲ್ಲ" ಅನ್ನುತ್ತಿದ್ದರು.

ಬಂದವರನ್ನು ಮೊದಲು ಕಳಿಸಿದ್ದು ಬೊನೆಗಿಲ್ಲಾಕ್ಕೆ. ಮೆಲ್ಬರ್ನ್‌ನಿಂದ ಮುನ್ನೂರು ಕಿಲೋಮೀಟರ್ ದೂರದ ಹಳೇ ಮಿಲಿಟರಿ ಕ್ಯಾಂಪು, ತಗಡಿನ ಶೆಡ್ಡುಗಳು. 1947ರಿಂದ 1971ರ ತನಕ ಮೂರು ಲಕ್ಷಕ್ಕೂ ಜಾಸ್ತಿ ಜನ ಅಲ್ಲಿ ಹಾದುಹೋಗಿದ್ದಾರೆ. ಇವರು ಹೋದ ವರ್ಷವೇ ಕೆಲಸಕ್ಕೆ ಬರ. ಕೆಲಸ ಕೊಡ್ತೀವಿ ಅಂತ ಕರೆಸಿ ಕೂರಿಸಿದ್ದೀರಲ್ಲ ಅಂತ 1961ರ ಜುಲೈನಲ್ಲಿ ಅಲ್ಲಿ ಗಲಭೆಯೇ ಆಯಿತು. ಅಜ್ಜ ಗಲಭೆಯಲ್ಲಿ ಇರಲಿಲ್ಲವಂತೆ. ಇದ್ದರೂ ಹೇಳುವ ಮನುಷ್ಯ ಅಲ್ಲ ಬಿಡಿ. ಅವರಿಗೆ ಸಿಟ್ಟು ಇದ್ದಿದ್ದು ಅಲ್ಲಿನ ಊಟದ ಮೇಲೆ. ಕುರಿ ತಿಂದು ಬೆಳೆದ ಜನ, ಅವರಿಗೇ ಅಲ್ಲಿನ ಬೇಯಿಸಿದ ಕುರಿ ಮಾಂಸದ ವಾಸನೆ ಆಗಲಿಲ್ಲ.

ಆಮೇಲೆ ಊರಿನವರೊಬ್ಬರ ಕೈ ಹಿಡಿದು ಮೆಲ್ಬರ್ನ್. ಒಂದು ಕೋಣೆಯಲ್ಲಿ ನಾಲ್ಕೈದು ಗಂಡಸರು, ಹಗಲು ಒಬ್ಬ ಮಲಗುವ ಮಂಚದಲ್ಲಿ ರಾತ್ರಿ ಇನ್ನೊಬ್ಬ. ಇದನ್ನು ಕೇಳಿದಾಗ ನಮ್ಮಮ್ಮನ ಅಪ್ಪ ನೆನಪಾದರು. ಅವರು ಬೊಂಬಾಯಿಯಲ್ಲಿ ಉಡುಪಿ ಹೋಟೆಲಿನಲ್ಲಿ ಇದ್ದವರು. ನಮ್ಮ ಕುಂದಾಪುರದ ಕಡೆ ಮನೆಗೊಬ್ಬರು ಹಾಗೆ ಹೋದವರೇ. ರಾತ್ರಿ ಗಿರಾಕಿ ಖಾಲಿಯಾದ ಮೇಲೆ ಟೇಬಲ್ ಜೋಡಿಸಿ ಮಲಗುವುದು, ಊರಿಗೆ ಮನಿಯಾರ್ಡರ್ ಕಳಿಸುವುದು.

ಅಜ್ಜಿ ಬಂದಿದ್ದು ಫೋಟೋ ನೋಡಿ ಒಪ್ಪಿಕೊಂಡು. ಆಗ ಹಡಗುಗಟ್ಟಲೆ ಮದುವೆ ಹುಡುಗಿಯರು ಬರುತ್ತಿದ್ದರು. ಪೋರ್ಟ್ ಮೆಲ್ಬರ್ನ್‌ನ ಸ್ಟೇಷನ್ ಪಿಯರ್‌ನಲ್ಲಿ ಗಂಡಸರು ಕೈಯಲ್ಲಿ ಫೋಟೋ ಹಿಡಿದು ಸಾಲಾಗಿ ನಿಂತಿರುತ್ತಿದ್ದರಂತೆ. ಅಜ್ಜ ಕಳಿಸಿದ ಫೋಟೋದಲ್ಲಿ ತಲೆ ತುಂಬಾ ಕೂದಲಿತ್ತು, ಇಳಿದು ನೋಡಿದರೆ ಇಷ್ಟೇ ಇಷ್ಟು, ಅಂತ ಅಜ್ಜಿ ಬೆರಳಲ್ಲಿ ತೋರಿಸುತ್ತಾರೆ. ಇವತ್ತಿಗೂ ಅವರಿಗೆ ಆ ಸಿಟ್ಟು ಪೂರ್ತಿ ಹೋಗಿಲ್ಲ.

ತಂಗಿಯರ ಮದುವೆ ಇನ್ನೂ ಬಾಕಿ ಇರುವಾಗಲೇ ಅಣ್ಣ ಮದುವೆಯಾದ ಅಂತ ಊರಲ್ಲಿ ಮಾತು ಬಂತು. ಅದಕ್ಕೆ ಅಜ್ಜ ಶಿಫ್ಟ್ ಜಾಸ್ತಿ ಮಾಡಿದರು. ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆ. ಅಜ್ಜಿ ಮನೆಯ ಹಿಂದಿನ ಗ್ಯಾರೇಜಿನಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು, ಅಂಗಿಯ ಕಾಲರ್ ಹೊಲಿದು ಪೀಸಿಗಿಷ್ಟು ಅಂತ ತೆಗೆದುಕೊಳ್ಳುತ್ತಿದ್ದರು. ಅತ್ತೆ ಹುಟ್ಟಿದ್ದು 1963ರಲ್ಲಿ, ಆಮೇಲೆ ಅವರ ತಮ್ಮ. ಮಕ್ಕಳಿಬ್ಬರ ಕೆಲಸ ಶಾಲೆಯಿಂದ ಬಂದು ದಾರ ಕತ್ತರಿಸುವುದು, ಹೊಲಿದ ಕಾಲರನ್ನು ತಿರುವಿ ಮೂಲೆ ಚೂಪಾಗಿ ಬರುವ ಹಾಗೆ ಒತ್ತುವುದು. ಅತ್ತೆ ಈಗಲೂ ಅಂಗಡಿಯಲ್ಲಿ ಅಂಗಿ ನೋಡಿದರೆ ಮೊದಲು ಕಾಲರಿನ ಮೂಲೆ ಮುಟ್ಟಿ ನೋಡುತ್ತಾರೆ.

ಇನ್ನೊಂದು ಕೆಲಸವೂ ಅತ್ತೆಯದ್ದೇ ಆಗಿತ್ತು. ಎಂಟು ವರ್ಷದ ಹುಡುಗಿ ಬ್ಯಾಂಕಿಗೆ, ಡಾಕ್ಟರ ಹತ್ತಿರ, ಲೈಟ್ ಬಿಲ್ ಕಚೇರಿಗೆ ಅಪ್ಪ ಅಮ್ಮನ ಜೊತೆ ಹೋಗಿ ಇಂಗ್ಲಿಷಿನಿಂದ ಗ್ರೀಕಿಗೆ, ಗ್ರೀಕಿನಿಂದ ಇಂಗ್ಲಿಷಿಗೆ ಹೇಳಬೇಕು. 1973ರಲ್ಲಿ ಸರ್ಕಾರ ಫೋನಿನಲ್ಲಿ ದುಭಾಷಿ ಸೇವೆ ಶುರು ಮಾಡಿತು. ಆದರೆ ಮನೆಯಲ್ಲೇ ಒಬ್ಬಳು ಪುಕ್ಕಟೆ ಇರುವಾಗ ಫೋನ್ ಯಾರು ಮಾಡುತ್ತಾರೆ.

ಐದು ವರ್ಷ ದುಡಿದು ವಾಪಸ್ ಹೋಗುವುದು ಅಂತಲೇ ಅಜ್ಜನೂ ಬಂದಿದ್ದು. ಎಲ್ಲರೂ ಹಾಗೇ ಹೇಳುತ್ತಿದ್ದರು. 1967ರಲ್ಲಿ ಗ್ರೀಸಿನಲ್ಲಿ ಸೇನೆ ಅಧಿಕಾರ ಹಿಡಿಯಿತು, ಈಗ ಬೇಡ ಅಂತ ನಿಂತರು. 1974ರಲ್ಲಿ ಸೇನೆಯ ಆಡಳಿತ ಬಿತ್ತು. ಮುಂದಿನ ವರ್ಷ ಅಜ್ಜ ಮನೆಯನ್ನು ಬಾಡಿಗೆಗೆ ಕೊಟ್ಟು, ಕೆಲಸ ಬಿಟ್ಟು, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಕಲಮಾಟಾಕ್ಕೆ ಹೋದರು. ಅಲ್ಲಿ ಒಂದು ಸಣ್ಣ ಅಂಗಡಿ ಇಟ್ಟರು. ಮೊಳೆ, ಬಣ್ಣ, ನಲ್ಲಿ ಪೈಪು ಮಾರುವ ಅಂಗಡಿ. ವ್ಯಾಪಾರ ಚೆನ್ನಾಗೇ ಇತ್ತಂತೆ. ಆದರೆ ಒಂದು ವರ್ಷ ತುಂಬುವ ಮೊದಲೇ ಎಲ್ಲರೂ ಮೆಲ್ಬರ್ನ್‌ಗೆ ವಾಪಸ್.

ಯಾಕೆ ವಾಪಸ್ ಬಂದರು ಅಂತ ಮಕ್ಕಳಿಗೆ ಯಾರೂ ಹೇಳಲಿಲ್ಲ. ಕಾರ್ಖಾನೆಯಲ್ಲಿ ಹಳೇ ಸರ್ವಿಸ್ ಎಲ್ಲ ಹೋಯಿತು, ಹೊಸಬನ ಹಾಗೆ ಕೆಳಗಿನಿಂದ ಶುರು, ಹೊಸಬರಿಗೆ ಸಿಗುವುದು ರಾತ್ರಿ ಪಾಳಿ. ಅತ್ತೆಯ ನೆನಪಿನ ಅಪ್ಪ ಆ ವರ್ಷಗಳ ಅಪ್ಪ. ಹಗಲು ಹೊತ್ತು ಕಿಟಕಿಗೆ ಕಂಬಳಿ ಕಟ್ಟಿದ ಕೋಣೆ, ಒಳಗೆ ಅಪ್ಪ. "ಶ್, ಅಪ್ಪ ಮಲಗಿದ್ದಾರೆ" ಅನ್ನುವ ಅಮ್ಮ. ಮನೆಯಲ್ಲಿ ಚೆಂಡು ಪುಟಿಸುವ ಹಾಗಿಲ್ಲ, ಜೋರಾಗಿ ನಗುವ ಹಾಗಿಲ್ಲ. ಸಂಜೆ ಎದ್ದು, ತಿಂದು, ಡಬ್ಬಿ ತೆಗೆದುಕೊಂಡು ಹೊರಟರೆ ಮುಗಿಯಿತು. ಶಾಲೆಯ ಯಾವ ಕಾರ್ಯಕ್ರಮಕ್ಕೂ ಬರಲಿಲ್ಲ. ಅತ್ತೆ ಕಾಲೇಜು ಮುಗಿಸಿ ಟೀಚರ್ ಆದಾಗ ಪದವಿ ಕೊಡುವ ದಿನ ಬಂದರು, ಕುರ್ಚಿಯಲ್ಲೇ ನಿದ್ದೆ ಹೋದರು.

ಈಗ ನನ್ನ ಗಂಡನ ಕಡೆಯ ಕಥೆ ಕೇಳಿ. ಅದೇ ಮನುಷ್ಯ ಅಂತ ನಂಬಲು ಕಷ್ಟ.

1990ರ ಆಸುಪಾಸಿನಲ್ಲಿ ಇಲ್ಲಿ ಆರ್ಥಿಕ ಹಿಂಜರಿತ. ಹೊರದೇಶದ ಕಾರಿನ ಮೇಲಿನ ಸುಂಕ ಬೇರೆ ಇಳಿಯುತ್ತಿತ್ತು. ಕಾರ್ಖಾನೆಗಳು ವಯಸ್ಸಾದವರ ಕೈಗೆ ಒಂದಿಷ್ಟು ದುಡ್ಡು ಕೊಟ್ಟು ಮನೆಗೆ ಕಳಿಸಿದವು. ಅಜ್ಜ ಐವತ್ತೈದಕ್ಕೇ ಖಾಲಿ. ಅತ್ತೆ ಕೆಲಸಕ್ಕೆ ಹೋಗುತ್ತಿದ್ದರು, ಮಗ ಶಾಲೆಗೆ ಸೇರುವ ವಯಸ್ಸು. ಮಗುವನ್ನು ನಾನು ನೋಡಿಕೊಳ್ತೀನಿ ಅಂದರು ಅಜ್ಜ. ಯಾರೂ ಕೇಳಿರಲಿಲ್ಲ.

ಶಾಲೆ ಬಿಡುವುದು ಮೂರೂವರೆಗೆ. ಅಜ್ಜ ಎರಡೂವರೆಗೇ ಗೇಟಿನ ಹತ್ತಿರ. ಕೈಯಲ್ಲಿ ಬಟ್ಟೆ ಚೀಲ, ಅದರಲ್ಲಿ ಸೊಪ್ಪು ಮತ್ತು ಚೀಸ್ ತುಂಬಿದ ಪೈ ಒಂದು ತುಂಡು, ಒಂದು ಕಿತ್ತಳೆ. ಜೇಬಿನಲ್ಲಿ ಮಡಚುವ ಚಾಕು. ಆ ಚಾಕುವಿನಲ್ಲಿ ಕಿತ್ತಳೆ ಸಿಪ್ಪೆಯನ್ನು ಎಲ್ಲೂ ತುಂಡಾಗದ ಹಾಗೆ ಸುತ್ತ ಸುಲಿದು, ಸಿಪ್ಪೆಯನ್ನು ಮೊಮ್ಮಗನ ಕಿವಿಗೆ ನೇತು ಹಾಕಿ, ಹಣ್ಣನ್ನು ಎಸಳು ಎಸಳಾಗಿ ಬಿಡಿಸಿ, ಬೀಜ ತೆಗೆದು ಕೊಡುವುದು. ಶಾಲೆಯವರು ಚಾಕು ತರಬೇಡಿ ಅಂದರು. ಮರುದಿನದಿಂದ ಉಗುರಲ್ಲೇ ಸುಲಿದರು. ಸಿಪ್ಪೆ ಆಗಲೂ ತುಂಡಾಗಲಿಲ್ಲ ಅಂತ ನನ್ನ ಗಂಡ ಆಣೆ ಹಾಕಿ ಹೇಳುತ್ತಾನೆ. ದಾರಿಯಲ್ಲಿ ಒಂದೊಂದು ಮನೆಯ ಮರದ ಗ್ರೀಕ್ ಹೆಸರು, ರಾತ್ರಿ ಅತ್ತೆ ಬರುವ ತನಕ ತಾವ್ಲಿ ಆಟ. ಎರಡು ದಾಳ, ಹದಿನೈದು ಹದಿನೈದು ಕಾಯಿ. ಅಜ್ಜ ಬೇಕಂತ ಸೋಲುತ್ತಿದ್ದರು, ಸೋತು ಎದೆ ಬಡಿದುಕೊಂಡು ನಾಟಕ ಮಾಡುತ್ತಿದ್ದರು.

ಅತ್ತೆ ಒಂದು ದಿನ ಬೇಗ ಕೆಲಸ ಮುಗಿಸಿ ಶಾಲೆಯ ಹತ್ತಿರ ಹೋದರು. ದೂರದಿಂದ ಈ ಕಿತ್ತಳೆ ಸುಲಿಯುವುದನ್ನು ನೋಡಿದರು. ಕಾರು ತಿರುಗಿಸಿಕೊಂಡು ಮನೆಗೆ ಬಂದುಬಿಟ್ಟರಂತೆ. "ಖುಷಿ ಆಗಬೇಕಿತ್ತು. ಹೊಟ್ಟೆಕಿಚ್ಚಾಯಿತು. ಆರು ವರ್ಷದ ನನ್ನ ಮಗನ ಮೇಲೆ ನನಗೆ ಹೊಟ್ಟೆಕಿಚ್ಚು" ಅಂದರು ನನ್ನ ಹತ್ತಿರ.

ಮನೆಯವರಿಗೋಸ್ಕರ ಬದುಕಿದರು ಅಂತ ನಾವು ಸಲೀಸಾಗಿ ಹೇಳುತ್ತೇವಲ್ಲ, ಆ ಮಾತಿನಲ್ಲಿ ನನಗೆ ಕಿರಿಕಿರಿ ಆಗುವುದು ಇದೇ. ಯಾವ ಮನೆಯವರಿಗೆ? ಮಕ್ಕಳಿಗೆ ಸಿಕ್ಕಿದ್ದು ಮನೆ, ಶಾಲೆ ಫೀಸು, ಕಂಬಳಿ ಕಟ್ಟಿದ ಕಿಟಕಿ. ಮೊಮ್ಮಕ್ಕಳಿಗೆ ಸಿಕ್ಕಿದ್ದು ಮನುಷ್ಯ. ಅಜ್ಜನಿಗೆ ಇದು ಗೊತ್ತಿತ್ತು ಅಂತಲೇ ನನ್ನ ಅನಿಸಿಕೆ. ಗೊತ್ತಿಲ್ಲದವರು ಒಂದು ಗಂಟೆ ಮುಂಚೆ ಹೋಗಿ ಗೇಟಿನಲ್ಲಿ ನಿಲ್ಲುವುದಿಲ್ಲ. ತಮ್ಮ ಅಪ್ಪ ಮನೆಯಲ್ಲಿ ಇದ್ದು ಏನು ಮಾಡುತ್ತಿದ್ದರು ಅನ್ನುವ ನೆನಪೂ ಅವರಿಗೆ ಅಷ್ಟಾಗಿ ಇರಲಿಕ್ಕಿಲ್ಲ. ಅಪ್ಪ ಅಂದರೆ ದುಡ್ಡು ತರುವವನು ಅಂತಲೇ ಶುರು ಮಾಡಿದರು. ಇನ್ನುಳಿದಿದ್ದನ್ನು ಕಲಿಯುವ ಹೊತ್ತಿಗೆ ಮಗಳಿಗೆ ಮೂವತ್ತಾಗಿತ್ತು.

ನಮ್ಮಮ್ಮ ಇಲ್ಲಿಗೆ ಬಂದಿದ್ದಾಗ ಈ ಇಬ್ಬರ ಸ್ನೇಹ ನೋಡಬೇಕಿತ್ತು. ಅಮ್ಮನಿಗೆ ಗ್ರೀಕ್ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೇ. ಅಜ್ಜನ ಇಂಗ್ಲಿಷೂ ಹಾಗೇ. ಮೆಲ್ಬರ್ನ್‌ನ ನಾರ್ತ್‌ಕೋಟ್ ಬಡಾವಣೆಯಲ್ಲಿದ್ದ ಅಜ್ಜನ ಮನೆಯ ಮುಂದೆ ಪೂರಾ ಕಾಂಕ್ರೀಟು, ಹಿಂದೆ ಮಾತ್ರ ತೋಟ. ನಿಂಬೆ, ಅಂಜೂರ, ಆಲಿವ್ ಮರ, ದ್ರಾಕ್ಷಿ ಚಪ್ಪರ, ಕೆಳಗೆ ಟೊಮೇಟೊ. ಬೇಸಿಗೆ, ಜನವರಿ ತಿಂಗಳು. ಅಮ್ಮ ಹಿತ್ತಲಿಗೆ ಹೋದವರು ಅಲ್ಲೇ ನಿಂತು ಕೂಗಿದರು, "ಇದು ಹರಿವೆ ಅಲ್ದಾ ಮಗಾ?" ಹೌದು, ಹರಿವೆಯ ಜಾತಿಯದ್ದೇ. ಗ್ರೀಕರು ವ್ಲೀತಾ ಅನ್ನುತ್ತಾರೆ. ಇಲ್ಲಿನ ಜನಕ್ಕೆ ಅದು ಕಳೆ, ಕಿತ್ತು ಬಿಸಾಡುತ್ತಾರೆ. ಪಕ್ಕದಲ್ಲಿ ನೆಲಕ್ಕೆ ಹಬ್ಬಿಕೊಂಡು ಗೋಣಿ ಸೊಪ್ಪು ಬೇರೆ. ಅಜ್ಜ ಅದನ್ನು ಕಿತ್ತು ಟೊಮೇಟೊ ಜೊತೆ ಹಸಿಯಾಗಿ ತಿನ್ನುತ್ತಿದ್ದರು.

ಆಮೇಲೆ ಇಬ್ಬರೂ ಬುಟ್ಟಿ ಹಿಡಿದು ಕೂತರು. ಅಮ್ಮ ಎಳೇ ಕುಡಿ ಚಿವುಟಿದರೆ ಅಜ್ಜ ತಲೆ ಆಡಿಸಿ, ಇಲ್ಲ, ಇನ್ನೂ ಕೆಳಗೆ ಅಂತ ತೋರಿಸಿದರು. ಅಮ್ಮ, ಅಷ್ಟು ಬಲಿತಿದ್ದು ಯಾರು ತಿಂತಾರೆ ಅಂತ ಕನ್ನಡದಲ್ಲೇ ಬೈದರು. ಅಜ್ಜ ಗ್ರೀಕಿನಲ್ಲಿ ಉತ್ತರ ಕೊಟ್ಟರು. ಅರ್ಧ ಗಂಟೆ ಹೀಗೇ ನಡೆಯಿತು, ಇಬ್ಬರಿಗೂ ಸುಸ್ತಾಗಲಿಲ್ಲ. ಮಧ್ಯಾಹ್ನ ಅಮ್ಮ ತೆಂಗಿನಕಾಯಿ ಅರೆದು ಹರಿವೆ ಹುಳಿ ಮಾಡಿದರು. ಅಜ್ಜ ಒಂದು ಚಮಚ ತಿಂದರು, ಏನೂ ಹೇಳಲಿಲ್ಲ, ಎದ್ದು ಹೋಗಿ ಆಲಿವ್ ಎಣ್ಣೆ ತಂದು ಹುಳಿಯ ಮೇಲೆ ಸುರಿದು, ಅರ್ಧ ನಿಂಬೆ ಹಿಂಡಿ, ತಟ್ಟೆ ಖಾಲಿ ಮಾಡಿದರು. ಅಮ್ಮ ಇವತ್ತಿಗೂ ಅವರನ್ನು ಕ್ಷಮಿಸಿಲ್ಲ.

ಅಮ್ಮನಿಗೆ ಅತ್ತೆಯ ವಿಷಯ ಹೇಳಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. "ನಮ್ಮ ಅಪ್ಪಯ್ಯ ಬೊಂಬಾಯಿಯಿಂದ ಬಂದಾಗ ನಾನು ಬಾಗಿಲ ಹಿಂದೆ ಅಡಗಿಕೊಳ್ತಿದ್ದೆ. ಯಾರೋ ಗಂಡಸು ಮನೆಗೆ ಬಂದ ಅಂತ. ಅವರಿಗೆ ಎಷ್ಟು ಬೇಜಾರಾಗಿತ್ತೋ ಏನೋ." ನಿನಗೆ ಬೇಜಾರಿರಲಿಲ್ಲವಾ ಅಂತ ಕೇಳಿದೆ. "ನನಗ್ಯಾಕೆ, ಎಲ್ಲರ ಅಪ್ಪನೂ ಹಾಗೇ ಇದ್ರಲ್ಲ" ಅಂದರು. ಅತ್ತೆ ಬೆಳೆದಿದ್ದು ಬೇರೆ ಮಕ್ಕಳ ಅಪ್ಪಂದಿರು ಶನಿವಾರ ಫುಟ್‌ಬಾಲ್ ಮೈದಾನಕ್ಕೆ ಬರುತ್ತಿದ್ದ ಊರಿನಲ್ಲಿ. ಕೊರತೆ ಕಾಣುವುದಕ್ಕೂ ಪಕ್ಕದಲ್ಲಿ ಏನಾದರೂ ಇರಬೇಕಲ್ಲ.

ಕಲಮಾಟಾದಿಂದ ವಾಪಸ್ ಬಂದ ಕಾರಣ ಅತ್ತೆಗೆ ಗೊತ್ತಾಗಿದ್ದು ಅವರಿಗೆ ಐವತ್ತು ದಾಟಿದ ಮೇಲೆ. ಊರಿಗೆ ಹೋಗಿದ್ದಾಗ ಅಜ್ಜನ ಕಿರಿಯ ತಂಗಿ ಮಾತಿನ ಮಧ್ಯೆ ಹೇಳಿಬಿಟ್ಟರು. ಅಲ್ಲಿನ ಶಾಲೆಯಲ್ಲಿ ಅತ್ತೆಯ ಗ್ರೀಕ್ ಉಚ್ಚಾರಣೆ ಕೇಳಿ ಮಕ್ಕಳು ನಗುತ್ತಿದ್ದರು, "ಆಸ್ಟ್ರೇಲಿಯಾದವಳು" ಅಂತ ಕರೆಯುತ್ತಿದ್ದರು. (ಮೆಲ್ಬರ್ನ್‌ನಲ್ಲಿ ಗ್ರೀಕಳು ಅಂತ ಬೈಸಿಕೊಂಡು ಹೋದ ಹುಡುಗಿ!) ಅವಳು ರಾತ್ರಿ ದಿಂಬಿನಲ್ಲಿ ಮುಖ ಹುದುಗಿಸಿ ಅಳುತ್ತಿದ್ದಳು. ಅಜ್ಜ ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದರಂತೆ. ಒಂದು ದಿನ ಅಂಗಡಿ ಮಾರಿಬಿಟ್ಟರು. ಯಾಕೋ ಅಂದಿದ್ದಕ್ಕೆ ತಂಗಿಗೆ ಹೇಳಿದ್ದು, "ಹುಡುಗಿ ಅಳುತ್ತಾಳೆ." ಅಷ್ಟೇ.

ಅಂದರೆ ಮಗಳು ಅತ್ತಳು ಅಂತ ಊರು ಬಿಟ್ಟರು, ಊರು ಬಿಟ್ಟಿದ್ದಕ್ಕೆ ರಾತ್ರಿ ಪಾಳಿ ಬಂತು, ರಾತ್ರಿ ಪಾಳಿಯಿಂದ ಮಗಳಿಗೆ ಅಪ್ಪ ಸಿಗಲಿಲ್ಲ. ಇದನ್ನು ಕೇಳಿ ಅತ್ತೆಯ ಮನಸ್ಸು ಕರಗಿರಬೇಕು ಅಂತ ನಾನು ಅಂದುಕೊಂಡಿದ್ದೆ. ಇಲ್ಲ, ಸಿಟ್ಟು ಇನ್ನೂ ಜಾಸ್ತಿಯಾಯಿತು. "ಬಾಗಿಲು ತೆಗೆದು ಒಳಗೆ ಬಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ಅಂಗಡಿ ಮಾರುವುದು ಸುಲಭ ಇತ್ತು ಅವರಿಗೆ, ಬಾಗಿಲು ತೆಗೆಯುವುದು ಕಷ್ಟ."

1986ರ ಸೆಪ್ಟೆಂಬರ್‌ನಲ್ಲಿ ಕಲಮಾಟಾದಲ್ಲಿ ಭೂಕಂಪ ಆಯಿತು. ಅಜ್ಜನ ತಂಗಿಯರ ಮನೆ ಬಿರುಕು ಬಿಟ್ಟಿತು, ಮತ್ತೆ ದುಡ್ಡು ಕಳಿಸಿದರು. ಅದನ್ನೂ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹೇಳದೇ ಇರುವುದೇ ಅವರ ಸ್ವಭಾವ ಅನ್ನುವವರು ತಾವ್ಲಿ ಆಡುವಾಗ ನೋಡಿಲ್ಲ, ಬಾಯಿ ಮುಚ್ಚುತ್ತಲೇ ಇರಲಿಲ್ಲ.

ಕೊನೆಯ ಎರಡು ವರ್ಷ ಮರೆವು ಹೆಚ್ಚಾಯಿತು. ಇಂಗ್ಲಿಷ್ ಮೊದಲು ಹೋಯಿತು. ಡಾಕ್ಟರು ಏನು ಕೇಳಿದರೂ ಗ್ರೀಕಿನಲ್ಲೇ ಉತ್ತರ. ಅರುವತ್ತು ವರ್ಷದ ಅತ್ತೆ ಪಕ್ಕದಲ್ಲಿ ಕೂತು ಮತ್ತೆ ದುಭಾಷಿ. ನೋವು ಎಲ್ಲಿದೆ, ಮಾತ್ರೆ ತಗೊಂಡ್ರಾ, ಇವರು ಯಾರು ಗೊತ್ತಾ. ಕೊನೆಯ ಪ್ರಶ್ನೆಗೆ ಅಜ್ಜ ಒಂದೊಂದು ದಿನ ತಂಗಿಯ ಹೆಸರು ಹೇಳುತ್ತಿದ್ದರು. ಅತ್ತೆ ಅದನ್ನು ಡಾಕ್ಟರಿಗೆ ಇದ್ದ ಹಾಗೇ ಹೇಳುತ್ತಿದ್ದರು, ಸರಿಮಾಡುತ್ತಿರಲಿಲ್ಲ.

ಮುಂದಿನ ತಿಂಗಳು ವರ್ಷದ ಪ್ರಾರ್ಥನೆ. ಬೇಯಿಸಿದ ಗೋಧಿಗೆ ಸಕ್ಕರೆ, ಬಾದಾಮಿ, ದಾಳಿಂಬೆ ಸೇರಿಸಿ ಕೋಲಿವಾ ಮಾಡಿ ಚರ್ಚಿಗೆ ಒಯ್ಯಬೇಕು. ಅದನ್ನು ಅತ್ತೆಯೇ ಮಾಡುತ್ತಾರಂತೆ. ನನಗೆ ದಾಳಿಂಬೆ ಬಿಡಿಸುವ ಕೆಲಸ ಕೊಟ್ಟಿದ್ದಾರೆ. ಆಮೇಲೆ ಊಟದ ಹೊತ್ತಿಗೆ ಯಾರಾದರೂ ನಾಲ್ಕು ಮಾತಾಡಬೇಕು. ಈ ಸಲ ಅಕ್ಕ ಮಾತಾಡಲಿ ಅಂತ ಅತ್ತೆಯ ತಮ್ಮನೇ ಮೊದಲು ಹೇಳಿದ್ದು. ಮಾತಾಡ್ತೀನಿ, ಆದರೆ ಕಂಬಳಿ ಕಟ್ಟಿದ ಕಿಟಕಿಯಿಂದಲೇ ಶುರು ಮಾಡ್ತೀನಿ ಅಂದರು ಅತ್ತೆ. ಈಗ ತಮ್ಮ ಬೇಡ ಅನ್ನುತ್ತಿದ್ದಾರೆ. ಅಜ್ಜಿ ಇನ್ನೂ ಏನೂ ಹೇಳಿಲ್ಲ. ನನ್ನ ಗಂಡ ಎರಡೂ ಕಡೆ ತಲೆ ಆಡಿಸುತ್ತಿದ್ದಾನೆ. ನಾನಂತೂ ಅತ್ತೆಯ ಪಕ್ಷ.